ಚುಕ್ಕೆ ಇಲ್ಲದ ಪ್ರಶ್ನೆ

ದಾವಣಗೆರೆಯಲ್ಲಿ ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ ಇದೆ. ಪಹಣಿ ತಿದ್ದುಪಡಿ, ಬಾಡಿಗೆ ಕರಾರು, ಪಿಂಚಣಿ ಅರ್ಜಿ, ದಿನವಿಡೀ ಇದೇ ಕೆಲಸ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಅನ್ನುವ ಸಾಲನ್ನು ನಿದ್ದೆಗಣ್ಣಲ್ಲೂ ಹೊಡೆಯುತ್ತೇನೆ. ಆದರೆ ಇನ್ನೂ ಹುಟ್ಟದ ಕಾನೂನಿಗೂ ಅರ್ಜಿ ಹಾಕಬಹುದು ಅಂತ ಗೊತ್ತಾಗಿದ್ದು 2024ರ ಜುಲೈನಲ್ಲಿ.

ಅದಕ್ಕೂ ಮುಂಚೆ ಒಂದು ಸಲ ಕೈ ಸುಟ್ಟುಕೊಂಡಿದ್ದೆ. ಜಗಳೂರು ಕಡೆಯ ಒಂದು ಊರಿನವರು ಬಂದಿದ್ದರು. ಅವರ ಊರಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ರೇಷನ್‌ಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕೆಂದರೆ ನ್ಯಾಯಬೆಲೆ ಅಂಗಡಿಯವರು ಮಿಷನ್ ಹಿಡಿದು ದಿಬ್ಬ ಹತ್ತಬೇಕು, ಹಿಂದೆ ಚೀಲ ಹಿಡಿದ ಸಾಲು. ವಿಧಾನಸಭೆಯಲ್ಲಿ ಯಾರಾದರೂ ಕೇಳುವ ಹಾಗೆ ಬರೆದುಕೊಡಿ ಅಂದರು. ಟವರ್ ಬೇಕು ಅಂತ ಎರಡು ಪುಟ ಬರೆದುಕೊಟ್ಟೆ. ಅವರಿಗೆ ವಾಪಸ್ ಸಿಕ್ಕಿದ್ದು ಒಂದೇ ಸಾಲು: ವಿಷಯ ಕೇಂದ್ರ ಸರ್ಕಾರದ ವ್ಯಾಪ್ತಿಗೆ ಬರುತ್ತದೆ.

ಜಾರಿಕೊಂಡರು ಅಂತ ನನಗೆ ಸಿಟ್ಟು. ಅಂಗಡಿಗೆ ಬರುವ ವಕೀಲರೊಬ್ಬರು ನಕ್ಕು, ಯಾವ ವಿಷಯ ಕೇಂದ್ರಕ್ಕೆ, ಯಾವುದು ರಾಜ್ಯಕ್ಕೆ ಅಂತ ಹಂಚುವ ಸಂವಿಧಾನದ ಏಳನೇ ಅನುಸೂಚಿ ತೆಗೆದು ತೋರಿಸಿದರು. ಕೇಂದ್ರದ ಪಟ್ಟಿಯ 31ನೇ ನಮೂದು. ಅಂಚೆ, ತಂತಿ, ದೂರವಾಣಿ, ನಿಸ್ತಂತು, ಪ್ರಸಾರ, ‘ಇಂಥದ್ದೇ ಇತರ ಸಂಪರ್ಕ ವಿಧಾನಗಳು’. ಬರೆದಾಗ ಇಂಟರ್ನೆಟ್ ಇರಲಿಲ್ಲ, ಆದರೆ ಆ ಕೊನೆಯ ಮಾತಿನೊಳಗೆ ಅದೂ ಹೋಗಿ ಕೂತಿದೆ. ‘ನೀನು ಟವರ್ ಕೇಳಿದ್ದೇ ತಪ್ಪು ಮಾರಾಯ. ಸಿಗ್ನಲ್ ಇಲ್ಲದ ಊರಲ್ಲಿ ಪಡಿತರ ಕೊಡೋಕೆ ಬದಲಿ ವ್ಯವಸ್ಥೆ ಏನು ಅಂತ ಆಹಾರ ಸಚಿವರನ್ನ ಕೇಳಬೇಕಿತ್ತು. ಅದಕ್ಕೆ ದೆಹಲಿ ತೋರಿಸೋಕೆ ಆಗ್ತಿರಲಿಲ್ಲ’ ಅಂದರು.

ಅವತ್ತಿನಿಂದ ಯಾರೇ ಮೊಬೈಲು, ಆ್ಯಪು ಅಂತ ಬಂದರೂ ನಾನು ಮೊದಲು ಹುಡುಕುವುದು ಯಾವ ಬಾಗಿಲು ತಟ್ಟಬೇಕು, ದೆಹಲಿಯದೋ ಬೆಂಗಳೂರಿನದೋ ಅಂತ.

ಈಗ ಜುಲೈ ಕಥೆ. ಊಟ ತಲುಪಿಸುವ ಹುಡುಗರು ಮಧ್ಯಾಹ್ನ ಆರ್ಡರ್ ಕಮ್ಮಿ ಇದ್ದಾಗ ನನ್ನ ಅಂಗಡಿ ಮುಂದಿನ ನೆರಳಲ್ಲಿ ಗಾಡಿ ನಿಲ್ಲಿಸುತ್ತಾರೆ. ಅವರಲ್ಲೊಬ್ಬನ ಐಡಿ ಇದ್ದಕ್ಕಿದ್ದಂತೆ ಲಾಕ್ ಆಗಿತ್ತು. ಯಾಕೆ ಅಂತ ಹೇಳುವವರಿಲ್ಲ. ಆ್ಯಪ್‌ನಲ್ಲಿ ಚಾಟ್ ಮಾಡಿದರೆ ಯಂತ್ರ ಉತ್ತರ ಕೊಡುತ್ತದೆ, ಅದೂ ಇಂಗ್ಲಿಷ್‌ನಲ್ಲಿ. ಬೆಂಗಳೂರಾದರೆ ಕಚೇರಿ ಮುಂದೆ ಹೋಗಿ ಗಲಾಟೆಯಾದರೂ ಮಾಡಬಹುದು. ಇಲ್ಲಿ ಕಚೇರಿಯೇ ಇಲ್ಲ, ಗಲಾಟೆ ಯಾರ ಮುಂದೆ ಮಾಡುವುದು?

ಅವನ ಗೆಳೆಯನೊಬ್ಬ ಫೋನಲ್ಲಿ ಪಿಡಿಎಫ್ ತೋರಿಸಿದ. ಗಿಗ್ ಕಾರ್ಮಿಕರ, ಅಂದರೆ ಇವರ ಹಾಗೆ ಆ್ಯಪ್ ಮೂಲಕ ದುಡಿಯುವವರ, ಸಾಮಾಜಿಕ ಭದ್ರತೆಗೆ ಕಾರ್ಮಿಕ ಇಲಾಖೆ ಹೊರಡಿಸಿದ್ದ ಕರಡು ಮಸೂದೆ. ಆಕ್ಷೇಪಣೆ, ಸಲಹೆ ಇದ್ದರೆ ಕಳಿಸಿ ಅಂತಿತ್ತು. ಕೊಟ್ಟಿದ್ದ ದಿನಗಳು ತೀರಾ ಕಮ್ಮಿ. ಇಂಥ ಕಾನೂನು ಮೊದಲು ಮಾಡಿದ್ದು ರಾಜಸ್ಥಾನ, 2023ರಲ್ಲಿ. ನಮ್ಮಲ್ಲಿ ಅದೇ ವರ್ಷದ ಬಜೆಟ್‌ನಲ್ಲಿ ಈ ಹುಡುಗರಿಗೆ 4 ಲಕ್ಷದ ವಿಮೆ ಬಂದಿತ್ತು, ಜೀವ ವಿಮೆ 2, ಅಪಘಾತಕ್ಕೆ 2. ವಿಮೆ ಸಿಗೋಕೆ ಸಾಯಬೇಕು ಇಲ್ಲ ಬೀಳಬೇಕು, ಅದಕ್ಕೇ ಹುಡುಗರಿಗೆ ಅದರ ಮೇಲೆ ಅಷ್ಟು ಆಸೆ ಇರಲಿಲ್ಲ.

ಕರಡನ್ನು ಪ್ರಿಂಟ್ ತೆಗೆದು ಎರಡು ರಾತ್ರಿ ಓದಿದೆ. ಬಾಗಿಲು ಸರಿಯಾಗಿತ್ತು. ಆ್ಯಪ್ಪನ್ನು ಮುಟ್ಟಿದರೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆ, ಅಂದರೆ ದೆಹಲಿ. ಆದರೆ ಸಾಮಾಜಿಕ ಭದ್ರತೆ, ಕಾರ್ಮಿಕರ ಕಲ್ಯಾಣ ಸಮವರ್ತಿ ಪಟ್ಟಿಯ 23 ಮತ್ತು 24ನೇ ನಮೂದು, ಅಲ್ಲಿ ರಾಜ್ಯಕ್ಕೂ ಕೈ ಹಾಕೋಕೆ ಜಾಗ ಇದೆ. ಹಾಗಾಗಿ ಕರಡು ತಂತ್ರಜ್ಞಾನದ ಹೆಸರು ಹಿಡಿದು ಶುರುವಾಗದೆ ಕೆಲಸಗಾರನ ಹೆಸರು ಹಿಡಿದು ಶುರುವಾಗುತ್ತದೆ. ಕೆಲಸದಿಂದ ತೆಗೆಯುವ ಮುಂಚೆ ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು. ಕರಾರು ಸರಳ ಭಾಷೆಯಲ್ಲಿರಬೇಕು, ಕನ್ನಡದಲ್ಲೂ ಸಿಗಬೇಕು. ಯಾರಿಗೆ ಆರ್ಡರ್ ಕೊಡಬೇಕು ಅಂತ ಯಂತ್ರ ಹೇಗೆ ತೀರ್ಮಾನಿಸುತ್ತದೆ ಅನ್ನುವುದನ್ನು ಕೇಳುವ ಹಕ್ಕು ಹುಡುಗನಿಗಿರಬೇಕು. ಓದುತ್ತಾ ಖುಷಿಯಾಯಿತು, ಸುಳ್ಳು ಹೇಳಲ್ಲ.

ಆದರೆ ಅರ್ಜಿ ಬರೆಯುವವನ ಕಣ್ಣು ಹೊಗಳೋಕೆ ಇರುವುದಲ್ಲ, ಸಂದು ಹುಡುಕೋಕೆ. ತೆಗೆಯೋಕೆ ನೋಟಿಸ್ ಬೇಕು, ಸರಿ. ಆದರೆ ನಮ್ಮ ಹುಡುಗನನ್ನು ಯಾರೂ ‘ತೆಗೆದಿಲ್ಲ’. ಐಡಿ ಲಾಕ್ ಮಾಡಿದ್ದಾರೆ ಅಷ್ಟೆ. ಇವತ್ತು ತೆರೆಯಬಹುದು, ನಾಳೆ ತೆರೆಯಬಹುದು, ಹೆಂಡತಿ ಮಕ್ಕಳು ಅಲ್ಲಿಯವರೆಗೆ ಕಾಯಬೇಕು. ಹಾಗಾಗಿ ನಮ್ಮ ಮೊದಲ ಸಲಹೆ: ಲಾಕ್ ಮಾಡುವುದೂ ತೆಗೆದಂತೆಯೇ ಅಂತ ಪದ ಸೇರಿಸಿ. ಎರಡನೆಯದು: ದೂರು ಕೊಡೋಕೆ ಬೆಂಗಳೂರಿಗೆ ಬರಬೇಕು ಅನ್ನುವ ಹಾಗಿರಬಾರದು, ಹೋಗಿ ಬರೋದರಲ್ಲಿ ಒಂದು ದಿನದ ದುಡಿಮೆ ಹೋಗುತ್ತದೆ. ಮೂರನೆಯದನ್ನು ಹುಡುಗರೇ ಹೇಳಿದ್ದು. ಹೋಟೆಲ್ ಮುಂದೆ ಬೆಣ್ಣೆದೋಸೆ ಪಾರ್ಸಲ್‌ಗೆ ಅರ್ಧ ಗಂಟೆ ಕಾಯುತ್ತಾರಲ್ಲ, ಆ ಹೊತ್ತಿಗೂ ಲೆಕ್ಕ ಇರಲಿ. ಬೆಣ್ಣೆದೋಸೆ ಅನ್ನುವುದನ್ನು ನಾನು ಹಾಗೇ ಬಿಟ್ಟೆ. ಓದುವ ಅಧಿಕಾರಿಗೆ ಯಾವ ಊರಿಂದ ಬಂದಿದ್ದು ಅಂತ ಗೊತ್ತಾಗಲಿ.

ಇಲ್ಲೊಂದು ಎಡವಟ್ಟು ಮಾಡಿಕೊಂಡೆ. ನಾನು ಹಳೇ ಕಾಲದವನು, ‘ನುಡಿ’ ತಂತ್ರಾಂಶದ ಹಳೇ ಆಸ್ಕಿ ಅಕ್ಷರದಲ್ಲೇ ಹೊಡೆಯುತ್ತೇನೆ. ಹಾಗೇ ಇಮೇಲ್‌ಗೆ ಅಂಟಿಸಿ ಕಳಿಸಿಬಿಟ್ಟೆ. ರಾತ್ರಿ ಸುಮ್ನೆ ಮೊಬೈಲಲ್ಲಿ ತೆರೆದು ನೋಡಿದರೆ ಕನ್ನಡವೇ ಇಲ್ಲ, ತಲೆ ಮೇಲೆ ಚುಕ್ಕೆ, ಕೊಂಬು ಇಟ್ಟುಕೊಂಡ ಯಾವುದೋ ಅಕ್ಷರಗಳ ಸಂತೆ. ಯೂನಿಕೋಡ್‌ಗೆ ಬದಲಾಯಿಸಿದರೆ ಅರ್ಕಾವತ್ತುಗಳು ಎಲ್ಲೆಲ್ಲೋ ಹೋಗಿ ಕೂತವು. ‘ಕಾರ್ಮಿಕ’ ಅನ್ನುವ ಪದ ಇಪ್ಪತ್ತು ಕಡೆ ಇತ್ತು, ಇಪ್ಪತ್ತೂ ಕಡೆ ಕೈಯಲ್ಲಿ ತಿದ್ದಿದೆ. ಬೆಳಿಗ್ಗೆ ಮತ್ತೆ ಕಳಿಸಿ, ಒಂದು ಪ್ರತಿಯನ್ನು ರಿಜಿಸ್ಟರ್ಡ್ ಪೋಸ್ಟಲ್ಲೂ ಹಾಕಿದೆ. ತಂತ್ರಜ್ಞಾನದ ಕಾನೂನಿಗೆ ಸಲಹೆ ಕೊಡೋಕೆ ಅಂಚೆ ಕಚೇರಿ ಸಾಲಲ್ಲಿ ನಿಂತಿದ್ದೆ, ನೋಡಿ.

ಆಮೇಲೆ ತಿಂಗಳುಗಟ್ಟಲೆ ಸದ್ದಿಲ್ಲ. ಹುಡುಗರು ಕೇಳಿ ಕೇಳಿ ಸುಸ್ತಾದರು. ಡಿಸೆಂಬರ್‌ನ ಬೆಳಗಾವಿ ಅಧಿವೇಶನಕ್ಕೆ ಮುಂಚೆ, ಪರಿಚಯದವರ ಮೂಲಕ ಒಬ್ಬ ಮೇಲ್ಮನೆ ಸದಸ್ಯರ ಆಪ್ತ ಸಹಾಯಕರನ್ನು ಹಿಡಿದೆವು. ಒಂದು ಪ್ರಶ್ನೆ ಬರೆದುಕೊಡಿ ನೋಡೋಣ ಅಂದರು.

ಸದನದ ಪ್ರಶ್ನೆ ಬರೆಯುವುದು ಅರ್ಜಿ ಬರೆದಂತಲ್ಲ. ಅರ್ಜಿಯಲ್ಲಿ ಕಷ್ಟ ಹೇಳಿಕೊಳ್ಳಬಹುದು. ಪ್ರಶ್ನೆಯಲ್ಲಿ ಹಾಗಿಲ್ಲ. ಅ, ಆ, ಇ ಅಂತ ಉಪಪ್ರಶ್ನೆಗಳು, ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಚುಕ್ಕೆ ಗುರುತಿನದ್ದಾದರೆ ಸಚಿವರು ಎದ್ದು ಬಾಯಲ್ಲಿ ಉತ್ತರಿಸಬೇಕು, ಮೇಲೆ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಇಲ್ಲದ್ದಕ್ಕೆ ಉತ್ತರ ಬರೀ ಕಾಗದದಲ್ಲಿ. ನಾನು ಮೊದಲು ಬರೆದದ್ದು ಹೀಗೆ: ‘ಆ್ಯಪ್‌ಗಳ ಅನ್ಯಾಯ ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಕೈಗೊಂಡ ಕ್ರಮವೇನು?’ ಸಹಾಯಕರು ಓದಿ, ‘ಅ-ಗೆ ಬಂದಿಲ್ಲ ಅಂತ ಬರೆದರೆ ಆ-ಗೆ ಏನು ಬರುತ್ತೆ ಹೇಳಿ’ ಅಂದರು. ನನಗೆ ಗೊತ್ತಾಗಲಿಲ್ಲ. ‘ಉದ್ಭವಿಸುವುದಿಲ್ಲ’ ಅಂದರು. ಹಳೇ ಉತ್ತರಗಳ ಕಟ್ಟು ತೋರಿಸಿದರು. ಪುಟಗಟ್ಟಲೆ ‘ಉದ್ಭವಿಸುವುದಿಲ್ಲ’, ‘ಪರಿಶೀಲನೆಯಲ್ಲಿದೆ’.

ಅಲ್ಲಿ ಕಲಿತ ಕೆಲಸ ಇದು: ಹೌದು, ಇಲ್ಲ ಅಂತ ಮುಗಿಸೋಕೆ ಆಗದ ಹಾಗೆ ಕೇಳಬೇಕು. ಎಷ್ಟು, ಯಾವಾಗ, ಯಾರು. ತಿದ್ದಿ ಬರೆದದ್ದು: ಕರಡಿಗೆ ಎಷ್ಟು ಆಕ್ಷೇಪಣೆ ಬಂದಿವೆ, ಬೆಂಗಳೂರು ಬಿಟ್ಟು ಬೇರೆ ಜಿಲ್ಲೆಗಳಿಂದ ಎಷ್ಟು, ಮಸೂದೆಯನ್ನು ಯಾವಾಗ ಸದನಕ್ಕೆ ತರುತ್ತೀರಿ. ‘ಅಲ್ಗಾರಿದಮ್’ ಅನ್ನುವ ಪದವನ್ನು ಅವರು ಗೆರೆ ಎಳೆದು ಹೊಡೆದುಹಾಕಿದರು. ಅದಿದ್ದರೆ ಫೈಲು ಐಟಿ ಇಲಾಖೆಗೆ ಹೋಗುತ್ತದೆ, ಅಲ್ಲಿಂದ ನಮ್ಮದಲ್ಲ ಅಂತ ವಾಪಸ್ ಬರುತ್ತದೆ. ‘ಕೆಲಸ ಹಂಚುವ ವಿಧಾನ’ ಅಂತ ಬರೆದೆವು. ಪ್ರಶ್ನೆಗೆ ಚುಕ್ಕೆ ಸಿಗಲಿಲ್ಲ. ಕಾಗದದ ಉತ್ತರದಲ್ಲಿ ಎರಡು ಕಡೆ ‘ಪರಿಶೀಲನೆಯಲ್ಲಿದೆ’ ಅಂತಿತ್ತು. ಆದರೂ ಹುಡುಗರು ಅದನ್ನು ಹತ್ತು ಪ್ರತಿ ಜೆರಾಕ್ಸ್ ಮಾಡಿಸಿಕೊಂಡು ಹೋದರು.

ಬಾಗಿಲು ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಆನ್‌ಲೈನ್ ಜೂಜಿನ ಕಾನೂನು ನೆನಪಾಗುತ್ತದೆ. ನಮ್ಮ ಬೀದಿಯಲ್ಲೇ ರಮ್ಮಿ ಆಡಿ ಬೈಕ್ ಮಾರಿಕೊಂಡವನಿದ್ದಾನೆ. ರಾಜ್ಯ ಸರ್ಕಾರ ಕರ್ನಾಟಕ ಪೊಲೀಸ್ ಕಾಯ್ದೆಗೇ ತಿದ್ದುಪಡಿ ತಂದು 2021ರ ಅಕ್ಟೋಬರ್‌ನಲ್ಲಿ ನಿಷೇಧ ಹಾಕಿತು. ರಾಜ್ಯದ ಪಟ್ಟಿಯಲ್ಲಿರುವುದು ‘ಪಣ ಮತ್ತು ಜೂಜು’. ಕೌಶಲದ ಆಟ ಜೂಜಲ್ಲ ಅಂತ ಕಂಪನಿಗಳು ಕೋರ್ಟಿಗೆ ಹೋದವು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಉದ್ದೇಶ ಒಳ್ಳೆಯದೇ, ಐದು ತಿಂಗಳೂ ಪೂರ್ತಿ ಬಾಳಲಿಲ್ಲ ಅಷ್ಟೆ. ಕೊನೆಗೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಿಲ್ಲಿಸೋಕೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾನೂನು ಮಾಡಬೇಕಾಯಿತು.

ಗಿಗ್ ಕಾರ್ಮಿಕರ ಕಾನೂನು ಮೊದಲು ಸುಗ್ರೀವಾಜ್ಞೆಯಾಗಿ ಬಂತು, 2025ರ ಮೇ 27ಕ್ಕೆ. ಆಗಸ್ಟ್‌ನ ಮುಂಗಾರು ಅಧಿವೇಶನದಲ್ಲಿ ಎರಡೂ ಸದನ ದಾಟಿತು, ಸೆಪ್ಟೆಂಬರ್‌ನಲ್ಲಿ ಕಾಯ್ದೆಯಾಯಿತು. ಪ್ರತಿ ಆರ್ಡರ್‌ಗೆ ಹುಡುಗನಿಗೆ ಕೊಡುವ ದುಡ್ಡಿನ ಮೇಲೆ ಕಂಪನಿ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. 40 ರೂಪಾಯಿ ಸಿಗುವ ಆರ್ಡರ್‌ಗೆ 40 ಪೈಸೆಯಿಂದ 2 ರೂಪಾಯಿ. ದೂರನ್ನು ಪೋರ್ಟಲ್ ಮೂಲಕವೂ ಕೊಡಬಹುದು ಅಂತಿದೆ. ಅದು ನಮ್ಮ ಎರಡನೇ ಸಲಹೆ ಅಂತ ಹುಡುಗರು ಸಿಹಿ ತಂದರು. ನಮ್ಮಿಂದಲೇ ಆಯಿತು ಅಂತ ನಾನು ನಂಬಿಲ್ಲ, ಸಿಹಿ ಮಾತ್ರ ತಿಂದೆ. ಐಡಿ ಲಾಕ್ ಆಗಿದ್ದವನು ಅಷ್ಟೊತ್ತಿಗೆ ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯೋಕೆ ಸೇರಿಕೊಂಡಿದ್ದ.

ಹೋದ ವಾರ ಒಬ್ಬ ರೇಷ್ಮೆ ಬೆಳೆಗಾರರು ಬಂದಿದ್ದರು. ಪಕ್ಕದ ಹೊಲದವರು ಮೆಕ್ಕೆಜೋಳದ ಸೈನಿಕ ಹುಳುವಿಗೆ ಡ್ರೋನ್‌ನಲ್ಲಿ ಔಷಧ ಹೊಡೆಸಿದ್ದಾರೆ. ಗಾಳಿಗೆ ಅದು ಇವರ ಹಿಪ್ಪುನೇರಳೆ ಮೇಲೆ ಬಿದ್ದು, ಆ ಸೊಪ್ಪು ತಿಂದ ಹುಳುವೆಲ್ಲ ಸತ್ತಿವೆ. ಡ್ರೋನ್ ನಿಲ್ಲಿಸಿ ಅಂತ ಬರೀರಿ ಅಂದರು. ಹಾರಾಟ ದೆಹಲಿಯದು, 2021ರ ಡ್ರೋನ್ ನಿಯಮಗಳು ಅಲ್ಲಿಂದಲೇ ಬಂದಿದ್ದು. ಆದರೆ ಕೀಟನಾಶಕ ನೋಡಿಕೊಳ್ಳುವವರು ಇಲ್ಲಿನ ಕೃಷಿ ಇಲಾಖೆಯವರು. ಸತ್ತ ಹುಳು ಎಷ್ಟು ತಟ್ಟೆ, ಯಾವ ಔಷಧ, ಎಷ್ಟು ಗಂಟೆಗೆ ಹೊಡೆದರು, ಗಾಳಿ ಯಾವ ಕಡೆಯಿಂದ ಇತ್ತು, ಇಷ್ಟನ್ನು ಬರೆದುಕೊಂಡು ಸೋಮವಾರ ಬನ್ನಿ ಅಂತ ಹೇಳಿ ಕಳಿಸಿದ್ದೇನೆ.