ಕಠಾರಿ ಕೊಳ್ಳುವ ಮೊದಲು ಸಂದಿ ನೋಡಿ

ನನ್ನ ಮೊದಲ ಕಠಾರಿಗೆ ಹದಿನೆಂಟು ಸಾವಿರ ಕೊಟ್ಟೆ. ಜೈಪುರಕ್ಕೆ ಟೂರ್ ಹೋಗಿದ್ದಾಗ. "ರಜಪೂತ ಸೈನ್ಯದ್ದು, 300 ವರ್ಷ ಹಳೇದು" ಅಂದ ಅಂಗಡಿಯವನು. ಮೈತುಂಬ ತುಕ್ಕು ಹಿಡಿದಿತ್ತು, ನಂಬಿಬಿಟ್ಟೆ. ಮನೆಗೆ ತಂದು ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಟೂತ್‌ಬ್ರಶ್‌ನಿಂದ ಉಜ್ಜಿದೆ. ತುಕ್ಕೆಲ್ಲ ಕೆಮ್ಮಣ್ಣಿನ ಹಾಗೆ ತೊಳೆದು ಹೋಯಿತು. ಹಿಡಿಯ ಮೂಲೆಯಲ್ಲಿ ಒಂದು ಉಬ್ಬು ಎದ್ದು ಕಂಡಿತು. ಹೆಂಡತಿ ಬಗ್ಗಿ ನೋಡಿ, "ನಮ್ಮ ಗೇಟಿಗೂ ಹೀಗೇ ಇದೆಯಲ್ರೀ" ಅಂದಳು. ಹೌದು, ಆರ್ಕ್ ವೆಲ್ಡಿಂಗ್! ಮೂವತ್ತೊಂದು ವರ್ಷ ಲೇತ್ ಮುಂದೆ ನಿಂತ ಟರ್ನರ್ ನಾನು.

ಅವತ್ತಿನಿಂದ ಕೆತ್ತನೆ, ಹೊಳಪು ಯಾವುದನ್ನೂ ಮೊದಲು ನೋಡುವುದಿಲ್ಲ. ಸಂದಿ, ಅಂದರೆ ಎರಡು ತುಂಡು ಕೂಡುವ ಜಾಗ ನೋಡುತ್ತೇನೆ. ಮೋಸ ಮಾಡುವವನು ಕಣ್ಣಿಗೆ ಬೀಳುವ ಕಡೆ ಶ್ರಮ ಪಡುತ್ತಾನೆ. ಬೆರಳು ಹೋಗದ ಕಡೆ ಅವನಿಗೂ ಸೋಮಾರಿತನ.

ಕಠಾರಿಯನ್ನು ಬೇರೆ ಬಾಕುಗಳ ಹಾಗೆ ಹಿಡಿಯುವುದಿಲ್ಲ. ಇದರ ಹಿಡಿ ಅಂದರೆ ಎರಡು ಉದ್ದ ಪಟ್ಟಿ, ಅವುಗಳ ನಡುವೆ ಎರಡು ಅಡ್ಡಪಟ್ಟಿ. ಅಡ್ಡಪಟ್ಟಿಗಳನ್ನು ಮುಷ್ಟಿಯಲ್ಲಿ ಹಿಡಿದು ನೇರ ಗುದ್ದಬೇಕು, ಅಲಗು ಮುಷ್ಟಿಯ ಮುಂದೆಯೇ ಇರುತ್ತದೆ. ಹಾಗಾಗಿ ನಾಲ್ಕು ಮೂಲೆಗಳ ಮೇಲೆ ಭಾರ. ಹಳೇ ಕಮ್ಮಾರರು ಅಲ್ಲಿ ಕುಲುಮೆಯಲ್ಲಿ ಕಾಯಿಸಿ ಬಡಿದು ಕೂಡಿಸುತ್ತಿದ್ದರು, ಇಲ್ಲವೇ ಹಿತ್ತಾಳೆ ಬೆಸುಗೆ ಹಾಕುತ್ತಿದ್ದರು. ಹಿತ್ತಾಳೆಯದಾದರೆ ಭೂತಗನ್ನಡಿಯಲ್ಲಿ ಹಳದಿ ಗೆರೆ ಕಾಣುತ್ತದೆ. ಅಲ್ಲಿ ಗ್ರೈಂಡರ್ ಓಡಿಸಿದ ಒಂದೇ ಥರದ ಬಾಗು ಗೆರೆಗಳಿದ್ದರೆ ಕೆಳಗಿಟ್ಟು ನಡೆಯಿರಿ. ಕೈ ಅರದ ಗುರುತು ಅಷ್ಟು ಶಿಸ್ತಾಗಿರುವುದಿಲ್ಲ. ಎರಡೂ ಪಟ್ಟಿ ಅಚ್ಚಿನಲ್ಲಿ ತೆಗೆದ ಹಾಗಿದ್ದರೂ ಅನುಮಾನ ಪಡಿ. ಅಂಚಿನಲ್ಲಿ ಸಣ್ಣ ಏಣು ಹಾದು ಹೋಗಿದ್ದರೆ ಅದು ಎರಕದ್ದು.

ಆಮೇಲೆ ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ ತೆಗೆಯುತ್ತೇನೆ. ಅಂಗಡಿಯವರು ನಗುತ್ತಾರೆ, ನಗಲಿ. ಅಲಗಿನ ಬುಡ, ನಡು, ಮೊನೆ, ಮೂರು ಕಡೆ ದಪ್ಪ ಅಳೆಯಿರಿ. ಯುದ್ಧಕ್ಕೆ ಮಾಡಿದ ಎಷ್ಟೋ ಕಠಾರಿಗಳಲ್ಲಿ ನಡು ತೆಳ್ಳಗಿದ್ದು ಮೊನೆ ಮತ್ತೆ ದಪ್ಪವಾಗುತ್ತದೆ. ಸಣ್ಣ ಉಕ್ಕಿನ ಬಳೆ ಹೆಣೆದ ಕವಚಕ್ಕೆ ಚುಚ್ಚಿದಾಗ ಮುರಿಯಬಾರದಲ್ವಾ? ನನ್ನ ಜೈಪುರದ್ದು ಬುಡದಿಂದ ತುದಿವರೆಗೂ 4 ಮಿಲಿಮೀಟರ್. ಅಂದರೆ ಉಕ್ಕಿನ ಪ್ಲೇಟಿನಿಂದ ಕತ್ತರಿಸಿದ್ದು. ಆದರೆ ಇಲ್ಲೊಂದು ಎಚ್ಚರ. ನಮ್ಮ ದಕ್ಷಿಣದ ಹಳೇ ಕಠಾರಿಗಳಲ್ಲಿ ಯುರೋಪಿನಿಂದ ಬಂದ ಕತ್ತಿಯ ಅಲಗನ್ನು ತುಂಡು ಮಾಡಿ ರಿವೆಟ್ ಹೊಡೆದು ಕೂರಿಸಿದವು ಬೇಕಾದಷ್ಟಿವೆ. ಅವುಗಳ ಮೊನೆ ದಪ್ಪ ಇರುವುದಿಲ್ಲ. ಆದರೂ ಅಸಲಿಯೇ.

ತುಕ್ಕು ಪರೀಕ್ಷೆಗೆ ಒಂದು ಬಿಳಿ ಬಟ್ಟೆ ಸಾಕು. ಎಣ್ಣೆ ಹಚ್ಚಿ ಉಜ್ಜಿ. ಕಿತ್ತಳೆ ಪುಡಿ ಸುಮ್ನೆ ಉದುರಿ ಬಂದರೆ ಉಪ್ಪು, ಆಸಿಡ್ ಹಾಕಿ ಬರಿಸಿದ್ದಿರಬಹುದು. ಹಳೇ ತುಕ್ಕು ಕಪ್ಪು ಕಂದು, ಕಚ್ಚಿಕೊಂಡಿರುತ್ತದೆ. ಗುಳಿಗಳು ಒಂದು ಕಡೆ ಆಳ, ಇನ್ನೊಂದು ಕಡೆ ಇಲ್ಲವೇ ಇಲ್ಲ. ಮುಷ್ಟಿ ಕೂರುವ ಅಡ್ಡಪಟ್ಟಿಯ ಒಳಮೈಯನ್ನೂ ಮುಟ್ಟಿ ನೋಡಿ. ಬಳಸಿದ್ದಾದರೆ ಅಲ್ಲಿ ಸವೆದಿರಬೇಕು. ಹಿಡಿಯ ತುಕ್ಕಿಗೂ ಅಲಗಿನ ತುಕ್ಕಿಗೂ ಬಣ್ಣ ಹೊಂದದಿದ್ದರೆ ಹಳೇ ಹಿಡಿಗೆ ಹೊಸ ಅಲಗು ಮದುವೆ ಮಾಡಿಸಿರಬಹುದು. ಇದನ್ನು ಹಿಡಿಯುವುದೇ ಎಲ್ಲಕ್ಕಿಂತ ಕಷ್ಟ.

ಚಿನ್ನದ ಗೆರೆ ಇದ್ದರೆ ಸವೆದ ಜಾಗ ಹುಡುಕಿ. ನಿಜವಾದ ಕೋಫ್ತಗರಿಯಲ್ಲಿ, ಅಂದರೆ ಕಬ್ಬಿಣಕ್ಕೆ ಚಿನ್ನ ಕೂರಿಸುವ ಕೆಲಸದಲ್ಲಿ, ಕಬ್ಬಿಣದ ಮೇಲೆ ಮೊದಲು ಅಡ್ಡಡ್ಡ ಸಣ್ಣ ಗೀರು ಹಾಕಿ ಅದರ ಮೇಲೆ ಚಿನ್ನದ ತಂತಿ ಬಡಿಯುತ್ತಾರೆ. ಚಿನ್ನ ಹೋದಲ್ಲಿ ಆ ಗೀರು ಉಳಿದಿರುತ್ತದೆ. ಗೀರಿಲ್ಲದೆ ಬರೀ ಹಳದಿ ಅಳಿಸಿದ್ದರೆ ಅದು ಬಣ್ಣ ಇಲ್ಲವೇ ಲೇಪ.

ಅಲಗಿನ ಮೇಲೆ ನೀರಿನ ಅಲೆಯಂತೆ ಕಾಣುವ ವೂಟ್ಜ್ ಉಕ್ಕಿಗೆ ರೇಟ್ ಜಾಸ್ತಿ, ಮೋಸವೂ ಜಾಸ್ತಿ. ಆ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಹೋಯಿತು ಎನ್ನುತ್ತಾರೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಬುಕಾನನ್ ಇಲ್ಲಿ ಮೂಸೆಯಲ್ಲಿ ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾನೆ. ನಕಲಿಯಲ್ಲಿ ಆಸಿಡ್‌ನಿಂದ ಅಲೆ ಬರೆದಿರುತ್ತಾರೆ. ಪರೀಕ್ಷೆ ಸುಲಭ, ಆದರೆ ನಿಮ್ಮ ಸ್ವಂತದ್ದರ ಮೇಲೆ ಮಾತ್ರ ಮಾಡಿ. ಬುಡದ ಹತ್ತಿರ ಕಡಲೆಬೀಜದಷ್ಟು ಜಾಗ ನುಣುಪಾಗಿ ಉಜ್ಜಿ, ಅಲೆ ಅಳಿಸಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸರ್ಕ್ಯೂಟ್ ಬೋರ್ಡ್ ಕೊರೆಯಲು ಫೆರಿಕ್ ಕ್ಲೋರೈಡ್ ಸಿಗುತ್ತದೆ. ಅದನ್ನು ನೀರಲ್ಲಿ ತೆಳ್ಳಗೆ ಕಲಸಿ, ಗ್ಲೌಸ್ ಹಾಕಿಕೊಂಡು, ಹತ್ತಿಯಲ್ಲಿ ಸವರಿ. ಉಕ್ಕಿನೊಳಗೇ ಇರುವ ಅಲೆ ಮತ್ತೆ ಎದ್ದು ಬರುತ್ತದೆ. ಬರೆದದ್ದು ಬರುವುದಿಲ್ಲ, ಜಾಗ ಬರೀ ಬೂದು ಆಗುತ್ತದೆ. ಆಮೇಲೆ ಅಡಿಗೆ ಸೋಡಾ ಕಲಸಿದ ನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿ.

ಕೊನೆಗೆ ಬಿಲ್ ಕೇಳಿ. 1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಇಂಥ ವಸ್ತು ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಕಳೆದ ತಿಂಗಳು ಚಿಕ್ಕಪೇಟೆ ಪಕ್ಕದ ಸಂಡೇ ಬಜಾರಿನಲ್ಲಿ ಒಬ್ಬ, "ಸಾರ್, ಇದು ಟಿಪ್ಪು ಕಾಲದ್ದು, 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಸಿಕ್ಕಿದ್ದು, ಇಪ್ಪತ್ತೈದು ಸಾವಿರ" ಅಂದ. "ಆಯ್ತಪ್ಪಾ, ಅಷ್ಟನ್ನೂ ಬಿಲ್ಲಲ್ಲಿ ಬರೆದುಕೊಡು" ಅಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ‘ಶೋ ಪೀಸ್, ಒಂದು’ ಅಂತ ಬರೆದು, "ಹದಿನೈದು ನೂರು ಕೊಡಿ ಸಾರ್" ಅಂದ.