ವಿಕಿರಣ ಸುರಕ್ಷತೆಯ ಉನ್ನತ ಓದು: ಅರ್ಜಿಗೆ ಮುನ್ನ ದಾರಿ ಗೊತ್ತಿರಲಿ

ವಿಕಿರಣ ಸುರಕ್ಷತೆಯನ್ನೇ ವೃತ್ತಿಯಾಗಿಸಿಕೊಳ್ಳಲು ಬಯಸುವ ಭೌತಶಾಸ್ತ್ರದ ವಿದ್ಯಾರ್ಥಿಗಳು ತಮ್ಮ ಕೆಲಸದ ಜಾಗ ಕ್ಯಾನ್ಸರ್ ಆಸ್ಪತ್ರೆಯೋ ಪರಮಾಣು ವಿದ್ಯುತ್ ಸ್ಥಾವರವೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಎರಡಕ್ಕೂ ಬುನಾದಿ ಒಂದೇ ಆದರೂ ಓದು ಮತ್ತು ತರಬೇತಿ ಬೇರೆಯಾಗುತ್ತವೆ.

ಆಸ್ಪತ್ರೆಯ ದಾರಿ ಹಿಡಿಯುವವರು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರವನ್ನು ಮುಖ್ಯ ವಿಷಯವಾಗಿ ಓದಿರಬೇಕು. ಮುಂದೆ ಮೆಡಿಕಲ್ ಫಿಸಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಬಹುದು; ಇಲ್ಲವೇ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರ ನಡೆಸುವ ಒಂದು ವರ್ಷದ ರೇಡಿಯಾಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾಗೆ ಸೇರಬಹುದು. ಓದಿನ ನಂತರ ರೇಡಿಯೊಥೆರಪಿ ವಿಭಾಗದಲ್ಲಿ ಇಂಟರ್ನ್‌ಶಿಪ್ ಮಾಡಬೇಕು. ವಿಕಿರಣ ಸುರಕ್ಷತಾ ಅಧಿಕಾರಿಯಾಗಲು ಪ್ರತ್ಯೇಕ ಪರೀಕ್ಷೆಯಿದ್ದು, ನೇಮಕಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮೋದನೆ ಕಡ್ಡಾಯ.

ಸ್ಥಾವರದಲ್ಲಿನ ವಿಕಿರಣ ಸುರಕ್ಷತೆಯ ಕೆಲಸಕ್ಕೆ ಬಲ್ಲವರು ‘ಹೆಲ್ತ್ ಫಿಸಿಕ್ಸ್’ ಎಂದೇ ಹೇಳುತ್ತಾರೆ. ಅದರ ಆಳ ಅರಿಯಲು ನಮ್ಮ ಕೈಗಾ ಒಳ್ಳೆಯ ಉದಾಹರಣೆ. ಅಲ್ಲಿನ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳೂ ಭಾರಜಲ, ಅಂದರೆ ಭಾರವಾದ ಬಗೆಯ ಹೈಡ್ರೋಜನ್ ಇರುವ ನೀರು, ಬಳಸುವಂಥವು. ಭಾರಜಲ ನ್ಯೂಟ್ರಾನ್ ಹೀರಿದಾಗ ಹೈಡ್ರೋಜನ್‌ನ ವಿಕಿರಣಶೀಲ ರೂಪವಾದ ಟ್ರಿಷಿಯಂ ಹುಟ್ಟುತ್ತದೆ. ಅದರ ಬೀಟಾ ಕಿರಣ ಎಷ್ಟು ದುರ್ಬಲವೆಂದರೆ ಚರ್ಮದ ಸತ್ತ ಪದರವನ್ನೂ ದಾಟಲಾರದು, ಹೊರಗಿನಿಂದ ಬೀಳುವ ವಿಕಿರಣ ಅಳೆಯಲು ಎದೆಗೆ ಸಿಕ್ಕಿಸಿಕೊಂಡ ಟಿಎಲ್‌ಡಿ ಬ್ಯಾಜ್ ಅದನ್ನು ದಾಖಲಿಸುವುದಿಲ್ಲ. ಆದರೆ ಟ್ರಿಷಿಯಂ ನೀರಾವಿಯ ರೂಪದಲ್ಲಿ ಉಸಿರಿನ ಮೂಲಕವೂ ಚರ್ಮದ ಮೂಲಕವೂ ಒಳಸೇರಿದರೆ ದೇಹದ ನೀರಿನಲ್ಲೆಲ್ಲ ಬೆರೆತುಬಿಡುತ್ತದೆ. ಹಾಗಾಗಿ ಕೆಲಸಗಾರರ ಮೂತ್ರದ ಮಾದರಿ ಪರೀಕ್ಷಿಸಿ ಡೋಸ್, ಅಂದರೆ ದೇಹಕ್ಕೆ ತಗುಲಿದ ವಿಕಿರಣದ ಪ್ರಮಾಣ, ಲೆಕ್ಕ ಹಾಕಬೇಕಾಗುತ್ತದೆ. ದೇಹದೊಳಗಿನ ಟ್ರಿಷಿಯಂ ಸುಮಾರು ಹತ್ತು ದಿನಗಳಲ್ಲಿ ಅರ್ಧಕ್ಕಿಳಿಯುತ್ತದೆ. ಹೆಚ್ಚು ನೀರು ಕುಡಿದರೆ ಇನ್ನೂ ಬೇಗ. ಯಾವ ಅಪಾಯಕ್ಕೆ ಯಾವ ಅಳತೆ ಎಂಬ ಈ ವಿವೇಚನೆಯೇ ಈ ಓದಿನ ಜೀವಾಳವೆಂದು ನಾನು ನಂಬಿದ್ದೇನೆ.

ಡೋಸ್ ಮಿತಿಗಳಂತೂ ಬಾಯಿಪಾಠವಾಗಿರಬೇಕು: ವಿಕಿರಣ ಕೆಲಸಗಾರರಿಗೆ ಐದು ವರ್ಷಗಳಲ್ಲಿ ಒಟ್ಟು 100 ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ), ಅದರಲ್ಲೂ ಯಾವುದೇ ಒಂದು ವರ್ಷದಲ್ಲಿ 30ಕ್ಕಿಂತ ಹೆಚ್ಚಿಲ್ಲ, ಸಾರ್ವಜನಿಕರಿಗೆ ವರ್ಷಕ್ಕೆ 1.

ಸಂಶೋಧನೆಯತ್ತ ಒಲವಿರುವವರು ಮಂಗಳೂರು ವಿಶ್ವವಿದ್ಯಾಲಯವನ್ನು ಗಮನಿಸಬಹುದು. ಕರಾವಳಿಯ ಮಣ್ಣು, ನೀರು, ಗಾಳಿಯಲ್ಲಿನ ವಿಕಿರಣಶೀಲತೆಯ ಅಧ್ಯಯನಕ್ಕೆಂದೇ ಅಲ್ಲಿ ಒಂದು ಕೇಂದ್ರವಿದೆ.

ಪ್ರವೇಶ ಶುಲ್ಕ ಕಟ್ಟುವ ಮುನ್ನ ಎರಡು ವಿಚಾರಣೆ ಮಾಡಿ. ಕೋರ್ಸಿಗೆ ನಿಯಂತ್ರಣ ಮಂಡಳಿಯ ಮಾನ್ಯತೆಯಿದೆಯೇ ಎಂಬುದನ್ನು ಮಂಡಳಿಯ ಜಾಲತಾಣದಲ್ಲೇ ನೋಡಿಕೊಳ್ಳಿ, ಕಾಲೇಜಿನವರ ಮಾತನ್ನಷ್ಟೇ ನೆಚ್ಚಬೇಡಿ. ಸುತ್ತಲಿನ ವಿಕಿರಣ ಅಳೆಯುವ ಸರ್ವೇ ಮೀಟರನ್ನು ವಿದ್ಯಾರ್ಥಿಗಳ ಕೈಗೇ ಕೊಟ್ಟು ಕಲಿಸುತ್ತಾರೆಯೇ ಎಂಬುದನ್ನು ಅಲ್ಲಿ ಈಗ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ ತಿಳಿದುಕೊಳ್ಳಿ.