ಶೇ. 73 ಎಲ್ಲಿಗೆ ಹೋಯಿತು? ಐಸ್ ಬಕೆಟ್ ಲೆಕ್ಕ ಓದಿದ ನನ್ನ ಅನುಭವ

2014ರ ಆಗಸ್ಟ್ ಕೊನೆ, ಗಣೇಶ ಹಬ್ಬದ ಸಮಯ. ಹಬ್ಬಕ್ಕೆ ಸೇರುವ ಹಣದಲ್ಲಿ ಒಂದು ಪಾಲನ್ನು ಐಸ್ ಬಕೆಟ್ ಚಾಲೆಂಜ್‌ಗೆ ಕೊಡಬೇಕೆಂದು ನ್ಯೂಜೆರ್ಸಿಯ ನಮ್ಮ ಕನ್ನಡ ಕೂಟದ ಹುಡುಗರು ಪಟ್ಟು ಹಿಡಿದಿದ್ದರು. ತಲೆ ಮೇಲೆ ಐಸ್ ನೀರು ಸುರಿದುಕೊಂಡು ಎಎಲ್‌ಎಸ್ ಎಂಬ ನರರೋಗದ ಸಂಶೋಧನೆಗೆ ಹಣ ಕೂಡಿಸುವ ಆ ಅಭಿಯಾನ ಅಷ್ಟು ಹೊತ್ತಿಗೆ ಎಲ್ಲರ ಮನೆ ಮುಟ್ಟಿತ್ತು. ಅದರ ಬೆನ್ನಿಗೇ ಎಲ್ಲರ ಫೋನಿಗೂ ಒಂದು ಚಿತ್ರ ಬಂತು. ಅಭಿಯಾನದ ಹಣ ಸೇರುತ್ತಿದ್ದ ಎಎಲ್‌ಎಸ್ ಅಸೋಸಿಯೇಷನ್ ಎಂಬ ಸಂಸ್ಥೆಗೆ ಕೊಟ್ಟ ಹಣದಲ್ಲಿ ಶೇ. 73 ಸಂಶೋಧನೆಗೆ ಹೋಗುವುದೇ ಇಲ್ಲ, ಮುಖ್ಯಸ್ಥರ ಸಂಬಳವೇ ವರ್ಷಕ್ಕೆ 3 ಲಕ್ಷ ಡಾಲರ್ ದಾಟಿದೆ ಅಂತ.

ಕೂಟದ ಖಜಾಂಚಿ ಫೋನ್ ಮಾಡಿದರು. "ನೀವು ಇದೇ ಕೆಲಸ ಮಾಡೋರಲ್ವಾ ಸರ್, ಒಂದ್ಸಲ ನೋಡಿ ಹೇಳಿ. ನಾಳೆ ಸದಸ್ಯರು ಕೇಳಿದ್ರೆ ನಾನೇನು ಉತ್ತರ ಕೊಡ್ಲಿ?"

ಲಾಭರಹಿತ ಸಂಸ್ಥೆಗಳ ಲೆಕ್ಕಪರಿಶೋಧನೆ ನನ್ನ ವೃತ್ತಿ. ಆಗ ಏನು ನೋಡಿದೆ, ಮುಂದೆ ಅದೇ ಹಣದ ಬೆನ್ನು ಹತ್ತಿ ಏನು ತಿಳಿಯಿತು, ಈಗ ವಾಟ್ಸಾಪ್‌ನಲ್ಲಿ ಬರುವ ಮನವಿಗಳನ್ನು ಹೇಗೆ ಪರಿಶೀಲಿಸುತ್ತೇನೆ ಎನ್ನುವುದನ್ನು ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಪಡೆದ ದೊಡ್ಡ ದತ್ತಿ ಸಂಸ್ಥೆಗಳು ಪ್ರತಿವರ್ಷ ಫಾರ್ಮ್ 990 ಎಂಬ ರಿಟರ್ನ್ ಸಲ್ಲಿಸುತ್ತವೆ. ಯಾರು ಕೇಳಿದರೂ ಅದನ್ನು ತೋರಿಸಬೇಕೆಂದು ಕಾನೂನೇ ಇದೆ. ಎಎಲ್‌ಎಸ್ ಅಸೋಸಿಯೇಷನ್‌ನ ರಿಟರ್ನ್ ಇಳಿಸಿಕೊಂಡು ಮೊದಲು ನೋಡಿದ್ದು ಯಾವ ವರ್ಷದ್ದು ಎಂದು. ಆ ಸಂಸ್ಥೆಯ ಲೆಕ್ಕದ ವರ್ಷ ಮುಗಿಯುತ್ತಿದ್ದದ್ದು ಜನವರಿ 31ಕ್ಕೆ. ಚಿತ್ರದಲ್ಲಿದ್ದ ಅಂಕಿ 2014ರ ಜನವರಿಗೆ ಮುಗಿದ ವರ್ಷದ್ದು. ಅಂದರೆ ಒಂದು ಬಕೆಟ್ ನೀರೂ ಯಾರ ತಲೆಯ ಮೇಲೂ ಬೀಳುವ ಮೊದಲಿನ ಲೆಕ್ಕ. ಅಭಿಯಾನದ ಹಣ ಹೇಗೆ ಖರ್ಚಾಯಿತು ಎಂದು ಅದರಿಂದ ಹೇಳಲು ಸಾಧ್ಯವೇ ಇರಲಿಲ್ಲ. ಸಂಸ್ಥೆಯ ಅಭ್ಯಾಸ ಹೇಗಿದೆ ಎಂದು ಮಾತ್ರ ತಿಳಿಯಬಹುದಿತ್ತು.

ಆ ಅಭ್ಯಾಸವನ್ನೇ ನೋಡೋಣ ಎಂದು ಮುಂದುವರಿದೆ. ಖರ್ಚಿನಲ್ಲಿ ಸಂಶೋಧನೆಗೆ ಶೇ. 28 (ಚಿತ್ರದ ಲೆಕ್ಕದಲ್ಲಿ 27), ರೋಗಿಗಳ ಸೇವೆಗೆ 19, ಸಾರ್ವಜನಿಕರ ಮತ್ತು ವೃತ್ತಿಪರರ ಶಿಕ್ಷಣಕ್ಕೆ 32, ನಿಧಿ ಸಂಗ್ರಹಕ್ಕೆ 14, ಆಡಳಿತಕ್ಕೆ 7. ಸಂಶೋಧನೆಯಲ್ಲದ್ದೆಲ್ಲ ಪೋಲು ಎಂದು ಚಿತ್ರ ಮಾಡಿದವರು ಕೂಡಿಬಿಟ್ಟಿದ್ದರು. ಎಎಲ್‌ಎಸ್ ಬಂದವರನ್ನು ಹತ್ತಿರದಿಂದ ಕಂಡವರಿಗೆ ಆ ಕೂಡಿಕೆ ಎಷ್ಟು ಕ್ರೂರ ಎಂದು ಗೊತ್ತಾಗುತ್ತದೆ. ಈ ರೋಗದಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ ಸೋಲುತ್ತದೆ, ಮಾತು ಹೋಗುತ್ತದೆ, ನುಂಗಲು ಆಗುವುದಿಲ್ಲ, ಕೊನೆಗೆ ಉಸಿರಿಗೂ ಯಂತ್ರ ಬೇಕಾಗುತ್ತದೆ. ಮೋಟಾರಿನ ಗಾಲಿಕುರ್ಚಿ, ಕಣ್ಣಿನ ಚಲನೆಯಿಂದ ಮಾತನಾಡಿಸುವ ಸಾಧನ ಇವನ್ನೆಲ್ಲ ಎರವಲು ಕೊಡುವುದು ರೋಗಿಗಳ ಸೇವೆ. ಅದು ಸಂಶೋಧನೆಯಲ್ಲ, ನಿಜ. ಪೋಲು ಅಂತೂ ಖಂಡಿತ ಅಲ್ಲ.

ಆದರೆ ಶಿಕ್ಷಣದ ಶೇ. 32ರ ಹತ್ತಿರ ನಾನು ನಿಂತೆ. ನನ್ನ ಮಟ್ಟಿಗೆ ಯಾವ ದತ್ತಿ ಸಂಸ್ಥೆಯ ಲೆಕ್ಕದಲ್ಲೂ ಗಮನವಿಟ್ಟು ಓದಬೇಕಾದ ಜಾಗ ಅದೇ. ಅಂಚೆಯಲ್ಲಿ ಒಂದು ಕಾಗದ ಬರುತ್ತದೆ ಎಂದುಕೊಳ್ಳಿ. ಮುಂಭಾಗದಲ್ಲಿ ರೋಗದ ಲಕ್ಷಣಗಳು, ಹಿಂಭಾಗದಲ್ಲಿ ದೇಣಿಗೆಯ ಚೀಟಿ. ಅದರ ಮುದ್ರಣ, ಅಂಚೆ ವೆಚ್ಚವನ್ನು ಜಾಗೃತಿಯ ಖಾತೆಗೆ ಹಾಕಬೇಕೋ, ನಿಧಿ ಸಂಗ್ರಹದ ಖಾತೆಗೋ? ಕೆಲವು ಷರತ್ತು ಪೂರೈಸಿದರೆ ಎರಡಕ್ಕೂ ಹಂಚಬಹುದು ಎನ್ನುತ್ತವೆ ಇಲ್ಲಿನ ಲೆಕ್ಕದ ನಿಯಮಗಳು. ನಿಯಮ ಸರಿಯೇ. ಆದರೆ ಆ ಹಂಚಿಕೆಯಲ್ಲಿ ಸ್ವಲ್ಪ ಉದಾರವಾದರೆ ಸಾಕು, ನಿಧಿ ಸಂಗ್ರಹದ ಖರ್ಚು ಕಡಿಮೆ ಕಾಣುತ್ತದೆ, ಸೇವೆಯ ಖರ್ಚು ಜಾಸ್ತಿ ಕಾಣುತ್ತದೆ. ಫಾರ್ಮ್ 990ರ ಒಂಬತ್ತನೇ ಭಾಗದ ಕೊನೆಯ ಸಾಲಿನಲ್ಲಿ ಹೀಗೆ ಹಂಚಿದ ಜಂಟಿ ವೆಚ್ಚವನ್ನು ಬೇರೆಯಾಗಿ ತೋರಿಸಬೇಕು. ಓದುವವರು ಸಾಮಾನ್ಯವಾಗಿ ಅಲ್ಲಿಯವರೆಗೆ ಹೋಗುವುದಿಲ್ಲ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಶೇಕಡಾವಾರು ನೋಡಿ ನಕ್ಷತ್ರ ಕೊಡುವ ಜಾಲತಾಣಗಳ ಮೇಲೆ ನಾನು ಪೂರ್ತಿ ಭಾರ ಹಾಕದಿರುವುದೂ ಇದಕ್ಕೇ.

ಸಂಬಳದ ವಿಷಯ ಬೇಗ ಮುಗಿಯಿತು. ದೇಶದಾದ್ಯಂತ ಶಾಖೆಗಳಿರುವ ಸಂಸ್ಥೆ ನಡೆಸುವವರಿಗೆ ಆ ಮೊತ್ತ ಅಮೆರಿಕದಲ್ಲಿ ಅಸಹಜವಲ್ಲ. ನಾನು ನೋಡುವುದು ಸಂಬಳ ನಿಗದಿ ಮಾಡಿದವರು ಯಾರು ಎಂದು. ಆಡಳಿತ ಮಂಡಳಿಯಲ್ಲಿ ಸ್ವತಂತ್ರ ಸದಸ್ಯರು ಎಷ್ಟಿದ್ದಾರೆ, ಗಂಡ-ಹೆಂಡತಿ, ಅಣ್ಣ-ತಮ್ಮಂದಿರೇ ತುಂಬಿದ್ದಾರೆಯೇ, ಸಂಸ್ಥೆ ಅವರದೇ ಕಂಪನಿಗಳ ಜೊತೆ ವ್ಯವಹಾರ ಮಾಡುತ್ತದೆಯೇ. ಇದೆಲ್ಲ ರಿಟರ್ನ್‌ನಲ್ಲೇ ಇರುತ್ತದೆ.

ಖಜಾಂಚಿಯವರಿಗೆ ಹೇಳಿದೆ: "ಶಿಕ್ಷಣದ ಖರ್ಚಿನ ಬಗ್ಗೆ ಪ್ರಶ್ನೆ ಕೇಳಬಹುದು. ಕಳ್ಳತನ ಅನ್ನೋದಕ್ಕೆ ಆಧಾರ ಇಲ್ಲ. ಕೊಡೋಣ, ಆದರೆ ಉದ್ದೇಶ ಬರೆದು ಕೊಡೋಣ." ಕೂಟ ಅರ್ಧ ಹಣವನ್ನು ಸಂಶೋಧನೆಗೆ ಮಾತ್ರ ಎಂದು ಬರೆದು ಕೊಟ್ಟಿತು, ಇನ್ನರ್ಧವನ್ನು ನಮ್ಮ ಭಾಗದ ಶಾಖೆಗೆ, ಸಾಧನಗಳ ಎರವಲಿಗೆಂದು. ಹಾಗೆ ಉದ್ದೇಶ ಬರೆದು ಕೊಟ್ಟ ಹಣವನ್ನು ಸಂಸ್ಥೆ ಬೇರೆಯದಕ್ಕೆ ಬಳಸುವಂತಿಲ್ಲ, ಲೆಕ್ಕದಲ್ಲೂ ಪ್ರತ್ಯೇಕವಾಗಿ ತೋರಿಸಬೇಕು.

ಅಲ್ಲಿಗೆ ಕೂಟದ ಕೆಲಸ ಮುಗಿಯಿತು. ನನಗೆ ಮಾತ್ರ ನಿಜವಾದ ಪ್ರಶ್ನೆ ಅಲ್ಲಿಂದಲೇ ಶುರುವಾಯಿತು. 2013ರಲ್ಲಿ ಜುಲೈ 29ರಿಂದ ಆಗಸ್ಟ್ 28ರವರೆಗೆ ಈ ಸಂಸ್ಥೆಗೆ ಬಂದದ್ದು 28 ಲಕ್ಷ ಡಾಲರ್. 2014ರಲ್ಲಿ ಅದೇ ದಿನಗಳಲ್ಲಿ ಬಂದದ್ದು 10 ಕೋಟಿ ಡಾಲರಿಗೂ ಹೆಚ್ಚು. ಒಟ್ಟು ಮೊತ್ತ ಕೊನೆಗೆ 11.5 ಕೋಟಿಗೆ ನಿಂತಿತು. ಒಂದು ಸಣ್ಣ ಕೆರೆಗೆ ಒಂದೇ ರಾತ್ರಿ ನದಿಯೇ ನುಗ್ಗಿದರೆ ತೂಬನ್ನೆಲ್ಲ ತೆರೆದು ಬಿಡುವವನು ಜವಾಬ್ದಾರಿಯ ನೀರುಗಂಟಿ ಅಲ್ಲ. ಆದರೂ ಮೂರು ತಿಂಗಳು ಕಳೆಯುವಷ್ಟರಲ್ಲಿ ಜನ "ಹಣ ಇನ್ನೂ ಬ್ಯಾಂಕಿನಲ್ಲೇ ಇದೆಯಂತೆ" ಎಂದು ದೂರತೊಡಗಿದರು. ವೈರಲ್ ಅಭಿಯಾನಗಳನ್ನು ಅಳೆಯುವಾಗ ಎಡವುವುದು ಹೆಚ್ಚಾಗಿ ಇಲ್ಲೇ. ಆತುರದಲ್ಲಿ ಖಾಲಿ ಮಾಡಿದ ನಿಧಿ ಹಿಡಿದಿಟ್ಟ ನಿಧಿಗಿಂತ ಅಪಾಯಕಾರಿ ಆಗಬಲ್ಲದು. ಒಳ್ಳೆಯ ಸಂಶೋಧನಾ ಪ್ರಸ್ತಾವಗಳು ಬರಬೇಕು, ಆ ವಿಷಯ ಬಲ್ಲ ವಿಜ್ಞಾನಿಗಳು ಅವನ್ನು ತೂಗಬೇಕು, ಹಣ ಕಂತುಗಳಲ್ಲಿ ಹೋಗಬೇಕು. ಹಣ ಬ್ಯಾಂಕಿನಲ್ಲಿದೆ ಎಂಬುದರಿಂದ ನನಗೆ ಗಾಬರಿಯಿಲ್ಲ. ಯಾವುದಕ್ಕೆ, ಎಂದು, ಯಾರ ತೀರ್ಮಾನದ ಮೇಲೆ ಹೊರಡುತ್ತದೆ ಎಂದು ಬರೆದಿಟ್ಟಿಲ್ಲದಿದ್ದರೆ ಗಾಬರಿಯಾಗುತ್ತದೆ.

ಎಎಲ್‌ಎಸ್ ಅಸೋಸಿಯೇಷನ್ ಬರೆದಿಟ್ಟಿತು. 2014ರ ಅಕ್ಟೋಬರ್‌ನಲ್ಲಿ ಮೊದಲ ಕಂತಾಗಿ 2.17 ಕೋಟಿ ಡಾಲರ್ ಸಂಶೋಧನೆಗೆ ಘೋಷಿಸಿತು. ಆಮೇಲೆ 11.5 ಕೋಟಿಯ ಪೂರ್ತಿ ಹಂಚಿಕೆಯನ್ನು ಪ್ರಕಟಿಸಿತು: ಸಂಶೋಧನೆಗೆ 7.7 ಕೋಟಿ, ರೋಗಿಗಳ ಸೇವೆಗೆ 2.3 ಕೋಟಿ, ಶಿಕ್ಷಣಕ್ಕೆ 1 ಕೋಟಿ, ನಿಧಿ ಸಂಗ್ರಹಕ್ಕೆ 30 ಲಕ್ಷ, ಹಣ ಪಾವತಿಯ ಶುಲ್ಕಕ್ಕೆ 20 ಲಕ್ಷ. ಮುಂದಿನ ವರ್ಷಗಳ ರಿಟರ್ನ್‌ಗಳನ್ನು, ಲೆಕ್ಕಪರಿಶೋಧಕರ ವರದಿಗಳನ್ನು ಈ ಮಾತಿನ ಪಕ್ಕದಲ್ಲಿಟ್ಟು ಓದುತ್ತಾ ಬಂದೆ. ಅನುದಾನದ ಪಟ್ಟಿಯಲ್ಲಿ ಯಾವ ವಿಶ್ವವಿದ್ಯಾಲಯಕ್ಕೆ ಎಷ್ಟು ಹೋಯಿತು ಎಂದು ಹೆಸರು ಸಮೇತ ಇರುತ್ತದೆ.

ಫಲವೂ ಬಂತು. ಈ ಹಣದ ನೆರವು ಪಡೆದ ಪ್ರಾಜೆಕ್ಟ್ ಮೈನ್ ಎಂಬ ಅಂತರರಾಷ್ಟ್ರೀಯ ಯೋಜನೆಯ ವಿಜ್ಞಾನಿಗಳು 2016ರಲ್ಲಿ ಎನ್‌ಇಕೆ1 ಎಂಬ ಜೀನ್‌ಗೂ ಎಎಲ್‌ಎಸ್‌ಗೂ ಇರುವ ನಂಟನ್ನು ಗುರುತಿಸಿದರು. ಅಮಿಲಿಕ್ಸ್ ಎಂಬ ಸಣ್ಣ ಕಂಪನಿಯ ಔಷಧ ಪ್ರಯೋಗಕ್ಕೂ ಸುಮಾರು 22 ಲಕ್ಷ ಡಾಲರ್ ಹೋಗಿತ್ತು. ಆರಂಭದ ಪ್ರಯೋಗದಲ್ಲಿ ಔಷಧ ಭರವಸೆ ಮೂಡಿಸಿತು, 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆಯೂ ಸಿಕ್ಕಿತು. ಆದರೆ 2024ರಲ್ಲಿ ದೊಡ್ಡ ಪ್ರಯೋಗದ ಫಲಿತಾಂಶ ಬಂದಾಗ ಔಷಧ ಕೆಲಸ ಮಾಡುವುದಿಲ್ಲ ಎಂದಾಯಿತು, ಕಂಪನಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಹಾಗಾದರೆ ಆ 22 ಲಕ್ಷ ವ್ಯರ್ಥವೇ? ಕೂಟದ ಒಬ್ಬ ಹಿರಿಯರು ಇದನ್ನೇ ನೇರವಾಗಿ ಕೇಳಿದರು. ನನ್ನ ಉತ್ತರ ಆಗಲೂ ಈಗಲೂ ಒಂದೇ. ಸಂಶೋಧನೆಗೆ ಕೊಟ್ಟ ಹಣವನ್ನು ಫಲಿತಾಂಶದಿಂದ ಮಾತ್ರ ಅಳೆಯಬಾರದು. ಪ್ರಯೋಗವನ್ನು ತಕ್ಕ ರೀತಿಯಲ್ಲಿ ಆರಿಸಿದರೇ, ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದರೇ ಎಂದು ನೋಡಬೇಕು. ಇಲ್ಲಿ ಎರಡೂ ಆಗಿತ್ತು.

ಇನ್ನೊಂದು ವಿಷಯವನ್ನೂ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ. ಅದೇ ಆಗಸ್ಟ್‌ನಲ್ಲಿ ಸಂಸ್ಥೆ 'ಐಸ್ ಬಕೆಟ್ ಚಾಲೆಂಜ್' ಎಂಬ ಹೆಸರಿನ ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿತ್ತು. ಜನ ಹುಟ್ಟುಹಾಕಿದ್ದನ್ನು ಸ್ವಂತ ಮಾಡಿಕೊಳ್ಳುವುದು ಸರಿಯಲ್ಲ ಎಂಬ ಟೀಕೆ ಬಂದ ಕೂಡಲೇ ಅರ್ಜಿ ಹಿಂದಕ್ಕೆ ಪಡೆಯಿತು. ಟೀಕೆ ಬಂದಾಗ ಹೇಗೆ ನಡೆದುಕೊಳ್ಳುತ್ತಾರೆ ಎನ್ನುವುದನ್ನೂ ನಾನು ಲೆಕ್ಕಕ್ಕೆ ಹಿಡಿಯುತ್ತೇನೆ.

ಬೇರೆ ಎರಡು ಪ್ರಕರಣಗಳು ನನ್ನ ಪರಿಶೀಲನೆಗೆ ಹೊಸ ಪ್ರಶ್ನೆಗಳನ್ನು ಸೇರಿಸಿದವು. 2020ರ ಜನವರಿಯಲ್ಲಿ ಆಸ್ಟ್ರೇಲಿಯಾದ ಕಾಡ್ಗಿಚ್ಚಿನ ಸಮಯದಲ್ಲಿ ಹಾಸ್ಯನಟಿ ಸೆಲೆಸ್ಟ್ ಬಾರ್ಬರ್ ಕೊಟ್ಟ ಕರೆಗೆ 5.1 ಕೋಟಿ ಆಸ್ಟ್ರೇಲಿಯನ್ ಡಾಲರ್ ಸೇರಿತು. ಮನೆ ಕಳೆದುಕೊಂಡವರಿಗೆ, ಪ್ರಾಣಿಗಳಿಗೆ ಹೋಗುತ್ತದೆ ಎಂದು ನಂಬಿ ಕೊಟ್ಟವರು ಬಹಳ. ಆದರೆ ಹಣ ಬಿದ್ದದ್ದು ನ್ಯೂ ಸೌತ್ ವೇಲ್ಸ್‌ನ ಗ್ರಾಮೀಣ ಅಗ್ನಿಶಾಮಕ ಸೇವೆಯ ಟ್ರಸ್ಟಿಗೆ. ಆ ಟ್ರಸ್ಟ್ ಡೀಡಿನ ಪ್ರಕಾರ ಹಣವನ್ನು ಬೇರೆ ದತ್ತಿ ಸಂಸ್ಥೆಗಳಿಗೆ ಕೊಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಅದೇ ವರ್ಷದ ಮೇ ತಿಂಗಳಲ್ಲಿ ಹೇಳಿತು. ಅಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಅಂದಿನಿಂದ ನಾನು ಮನವಿಯ ಮಾತು ಓದುವ ಮೊದಲು ಹಣ ಸೇರುವ ಖಾತೆ ಯಾರದು, ಆ ಖಾತೆಯ ಒಡೆಯರ ಡೀಡ್ ಏನು ಹೇಳುತ್ತದೆ ಎಂದು ಓದುತ್ತೇನೆ.

ಇನ್ನೊಂದು ಬ್ರಿಟನ್ನಿನ ಕ್ಯಾಪ್ಟನ್ ಟಾಮ್ ಮೂರ್ ಅವರದು. ನೂರರ ಅಂಚಿನಲ್ಲಿದ್ದ ಆ ಹಿರಿಯರು 2020ರಲ್ಲಿ ತಮ್ಮ ಮನೆಯಂಗಳದಲ್ಲಿ ನಡೆದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ದತ್ತಿಗಳಿಗೆ ಸುಮಾರು 3.9 ಕೋಟಿ ಪೌಂಡ್ ಕೂಡಿಸಿದರು. ಆ ಹಣ ಸೇರಬೇಕಾದಲ್ಲಿಗೆ ಸೇರಿತು. ತೊಂದರೆ ಬಂದದ್ದು ಆಮೇಲೆ ಅವರ ಹೆಸರಿನಲ್ಲಿ ಹುಟ್ಟಿದ ಪ್ರತಿಷ್ಠಾನದಲ್ಲಿ. ಕುಟುಂಬದವರು ಪ್ರತಿಷ್ಠಾನದಿಂದ ಖಾಸಗಿ ಲಾಭ ಪಡೆದರು, ದುರ್ನಡತೆ ನಡೆದಿದೆ ಎಂದು 2024ರ ನವೆಂಬರ್‌ನಲ್ಲಿ ದತ್ತಿ ಸಂಸ್ಥೆಗಳ ಮೇಲ್ವಿಚಾರಣೆ ಮಾಡುವ ಅಲ್ಲಿನ ಚಾರಿಟಿ ಕಮಿಷನ್ ವರದಿ ಕೊಟ್ಟಿತು. ಮೂರ್ ಅವರ ಪುಸ್ತಕದ ಮುಂಗಡ ಹಣ ಕುಟುಂಬದ ಕಂಪನಿಗೆ ಹೋಗಿತ್ತು. ಹೆಸರು ಒಂದೇ, ಮುಖ ಒಂದೇ, ಖಾತೆ ಎರಡು. ವೈರಲ್ ಆದ ವ್ಯಕ್ತಿಯ ಹೆಸರಿನಲ್ಲಿ ಹೊಸ ಟ್ರಸ್ಟ್ ಶುರುವಾದರೆ ಹಳೆಯದರ ಒಳ್ಳೆಯ ಹೆಸರನ್ನು ನಾನು ಹೊಸದಕ್ಕೆ ಜಮಾ ಮಾಡುವುದಿಲ್ಲ. ಅದನ್ನು ಸೊನ್ನೆಯಿಂದ ಪರಿಶೀಲಿಸುತ್ತೇನೆ.

ಈಗ ಕೂಟಕ್ಕೆ ಬರುವ ಮನವಿಗಳಲ್ಲಿ ಹೆಚ್ಚಿನವು ಊರ ಕಡೆಯವು. ಪ್ರವಾಹ, ಶಾಲೆಯ ಕಟ್ಟಡ, 16 ಕೋಟಿ ರೂಪಾಯಿಯ ಚುಚ್ಚುಮದ್ದು ಬೇಕಾದ ಮಗು. ಮಗುವಿನ ವಿಷಯದಲ್ಲಿ ಮನಸ್ಸು ಕರಗುತ್ತದೆ, ಕರಗಬೇಕು. ಆದರೂ ಎರಡು ಪ್ರಶ್ನೆ ಬಿಡುವುದಿಲ್ಲ: ಹಣ ನೇರವಾಗಿ ಆಸ್ಪತ್ರೆಗೆ ಹೋಗುತ್ತದೆಯೋ, ಖಾಸಗಿ ಖಾತೆಗೋ? ಹೆಚ್ಚು ಬಂದರೆ, ಅಥವಾ ಸಾಕಾಗದೇ ಹೋದರೆ, ಅದನ್ನು ಏನು ಮಾಡುತ್ತಾರೆ? ಒಬ್ಬ ತಂದೆ ಮೊದಲ ಕರೆಯಲ್ಲೇ "ಸಾರ್, ನೀವೇ ಆಸ್ಪತ್ರೆಗೆ ಕಟ್ಟಿ, ನನ್ನ ಕೈಗೆ ಬೇಡ" ಎಂದರು. ಆ ದಿನವೇ ಕೊಟ್ಟೆವು.

ಟ್ರಸ್ಟ್ ಆದರೆ, ದೇಣಿಗೆಗೆ ತೆರಿಗೆ ರಿಯಾಯಿತಿ ಕೊಡಿಸುವ, 80ಜಿ ಎಂದೇ ಪರಿಚಿತವಾದ ನೋಂದಣಿಯನ್ನು ಆದಾಯ ತೆರಿಗೆ ಇಲಾಖೆಯ ತಾಣದಲ್ಲೇ ತಾಳೆ ನೋಡುತ್ತೇನೆ, ಅವರು ಕಳಿಸಿದ ಫೋಟೋ ನಂಬುವುದಿಲ್ಲ. ದತ್ತಿ ಸಂಸ್ಥೆ ವರ್ಷದ ಆದಾಯದ ಶೇ. 85ನ್ನು ಉದ್ದೇಶಕ್ಕೆ ಬಳಸಬೇಕು ಎಂಬುದು ಅಲ್ಲಿನ ಸಾಮಾನ್ಯ ನಿಯಮ. ನಿರ್ದಿಷ್ಟ ಕೆಲಸಕ್ಕೆಂದು ಬರೆದುಕೊಟ್ಟರೆ ಐದು ವರ್ಷದವರೆಗೆ ಕೂಡಿಡಲೂ ಅವಕಾಶವಿದೆ. ಹಾಗಾಗಿ ಪ್ರವಾಹದ ನಿಧಿ ಎರಡನೇ ವರ್ಷವೂ ಉಳಿದಿದ್ದರೆ ತಕ್ಷಣ ಅನುಮಾನಪಡದೆ, ಮನೆ ಕಟ್ಟುವ ಕೆಲಸಕ್ಕೆ ತೆಗೆದಿಟ್ಟ ತೀರ್ಮಾನದ ಪ್ರತಿ ಕೇಳುತ್ತೇನೆ.

ನಮ್ಮಂಥ ವಿದೇಶದ ಕೂಟಗಳಿಗೆ ಇನ್ನೊಂದು ಕಟ್ಟುಪಾಡು ಇದೆ. ಭಾರತದ ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದಿದ್ದರೆ ನಮ್ಮ ಹಣ ಪಡೆಯುವಂತಿಲ್ಲ. ವಿದೇಶಿ ಪಾಸ್‌ಪೋರ್ಟ್ ಇರುವವರು, ಒಸಿಐ ಕಾರ್ಡಿನವರೂ ಸೇರಿ, ವಿದೇಶಿ ಮೂಲವೇ. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತಕ್ಕೆ ಶೇ. 20 ಮೀರಬಾರದು, ಮತ್ತೊಂದು ಸಂಸ್ಥೆಗೆ ದಾಟಿಸುವಂತಿಲ್ಲ. "ನೀವು ನಮಗೆ ಕಳಿಸಿ, ನಾವು ಹಳ್ಳಿಯ ಟ್ರಸ್ಟಿಗೆ ಕೊಡ್ತೀವಿ" ಎನ್ನುವವರು ಎಷ್ಟೇ ಒಳ್ಳೆಯವರಾದರೂ ನಾನು ಬೇಡ ಎನ್ನುವುದು ಇದಕ್ಕೆ.

ಈಗ ಸಮಿತಿಯ ಪದ್ಧತಿ ಹೀಗಿದೆ. ದೇಣಿಗೆಯ ಜೊತೆ ಉದ್ದೇಶದ ಪತ್ರ ಹೋಗುತ್ತದೆ. ಮುಂದಿನ ಗಣೇಶ ಹಬ್ಬದೊಳಗೆ ಖರ್ಚಿನ ವಿವರ ಮತ್ತು ಆ ವರ್ಷದ ಲೆಕ್ಕಪರಿಶೋಧನಾ ವರದಿ ಕೇಳುತ್ತೇವೆ. ಬಂದದ್ದನ್ನು ಸರ್ವಸದಸ್ಯರ ಸಭೆಯಲ್ಲಿ ಖಜಾಂಚಿ ಗಟ್ಟಿಯಾಗಿ ಓದುತ್ತಾರೆ. ಉತ್ತರ ಬಾರದ ಸಂಸ್ಥೆಯ ಹೆಸರನ್ನು ಮುಂದಿನ ವರ್ಷದ ಪಟ್ಟಿಯಿಂದ ತೆಗೆಯುತ್ತೇವೆ, ಆ ವರ್ಷ ಅವರ ವಿಡಿಯೋ ಎಷ್ಟು ಓಡುತ್ತಿದ್ದರೂ ಸರಿ.